ಎರಡನೇ ಕೊಪ್ಪರಿಗೆ ಇಳಿಸಿದ ಹೊತ್ತು

ಪಾಂಡವಪುರ ದಾಟಿ, ನಾಲೆ ಏರಿಯ ಮೇಲೆ ಮೂರು ಮೈಲಿ.
ಆಲೆಮನೆಯ ಹಿಂದೆ, ಕಬ್ಬಿನ ಸಿಪ್ಪೆ ಒಣಹಾಕಿದ ಬಯಲಲ್ಲಿ
ಹಡಗಲಿ ಕಡೆಯ ಹುಲಿಗೆಮ್ಮ
ಕೂಸಿಗೆ ಹಾಲೂಡುತ್ತಿದ್ದಳು.
ಅದರ ತಲೆಗೂದಲಲ್ಲಿ ಒಲೆಯ ಬೂದಿ.

ನಾನು ಆಶಾ. ಕೆಲಸದ ಹೆಸರು ಅದು,
ಮನೆಯಲ್ಲಿ ಪುಟ್ಟಗೌರಿ.
ಚೀಲದಿಂದ ಫಾರಂ ತೆಗೆದು
"ಯಾವತ್ತು ಹುಟ್ಟಿದ್ದು?" ಅಂದೆ.
"ಎರಡನೇ ಕೊಪ್ಪರಿಗಿ ಇಳಿಸೋ ಹೊತ್ತಿಗ್ರಿ.
ಕರೆಂಟ್ ಹೋಗಿತ್ತು."

ನಗಲಿಲ್ಲ ನಾನು. ನನ್ನದೂ ಅಂಥದೇ.
ಅವ್ವ ಹೇಳುತ್ತಿದ್ದಳು:
"ನಾಲೆಗೆ ನೀರು ಬುಟ್ಟ ಮಾರನೆ ದಿನ ಕನವ್ವ,
ಕೆಂದಸ ಈಯ್ದಿತ್ತು."
ಕರುವಿಗೂ ನನಗೂ ಒಂದೇ ಸಾಕ್ಷಿ.
ಶಾಲೆಗೆ ಸೇರಿಸುವಾಗ ಮೇಷ್ಟ್ರು
ನನ್ನ ಕೈಯನ್ನು ತಲೆ ಮೇಲಿಂದ ಹಾಯಿಸಿ
ಕಿವಿ ಮುಟ್ಟಿತೆಂದು ಜೂನ್ ಒಂದು ಬರೆದರು.
ನಮ್ಮ ಸಾಲಿನಲ್ಲಿ ಏಳು ಹುಡುಗಿಯರು,
ಏಳೂ ಜೂನ್ ಒಂದು,
ಒಬ್ಬಳೇ ತಾಯಿ ಹೆತ್ತ ಹಾಗೆ.

ಆಲೆಮನೆಯ ಜವರೇಗೌಡರ ಹತ್ತಿರ ಪುಸ್ತಕವಿತ್ತು.
ಎಷ್ಟು ಗಾಡಿ ಕಬ್ಬು, ಎಷ್ಟು ಅಚ್ಚು, ಯಾವ ಲಾರಿ,
ಮಂಡ್ಯದ ಮಂಡಿಗೆ ಹೋದದ್ದು ಯಾವ ದಿನ.
ಬೆಲ್ಲಕ್ಕೆ ಜಾತಕವಿತ್ತು.
ಎಂಜಲು ಹಚ್ಚಿ ಹಾಳೆ ತಿರುವಿ ತಿರುವಿ
"ಇಲ್ಲೈತೆ ನೋಡು" ಅಂದರು:
ಮಂಗಳವಾರ. ಒಂದನೇ ಕೊಪ್ಪರಿಗೆ ಸರಿ.
ಎರಡನೇದು, ಕತ್ತಲಲ್ಲಿ ಪಾಕ ಮೀರಿ ಅರ್ಧ ನಷ್ಟ.

ಆ ನಷ್ಟದ ಸಾಲಿನಿಂದ ಎಣಿಸಿದೆ.
ಇವತ್ತಿಗೆ ಹತ್ತೊಂಬತ್ತು.
ಇಪ್ಪತ್ತೊಂದರವರೆಗೆ ಕಾಸಿಲ್ಲದೆ ಬರೆಯುತ್ತಾರೆ.
ಸಿಕ್ಕ ಆಟೋಗೆ ಅವಳನ್ನು ಹತ್ತಿಸಿದೆ.

ಗ್ರಾಮ ಲೆಕ್ಕಿಗ ಹೆಸರು ಕೇಳಿದ.
ಇಟ್ಟಿಲ್ಲ, ಊರಿಗೆ ಹೋದ ಮೇಲೆ ಇಡುತ್ತಾರೆ, ಅಂದೆ.
"ಖಾಲಿ ಇರ್ಲಿ ಬುಡಿ, ಆಮೇಲೆ ತುಂಬುಸ್ಬೋದು."
ಹುಟ್ಟಿದ ಸ್ಥಳ?
"ಆಲೆಮನೆ."
ಒಮ್ಮೆ ತಲೆಯೆತ್ತಿ ನೋಡಿ
ಆಲೆ ಬಿಟ್ಟು
ಮನೆ ಎಂದಷ್ಟೇ ಬರೆದ.

ಆಗ ಹುಲಿಗೆಮ್ಮ ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು
"ಅದರ ಹಿಂದಿನ ವರ್ಸ ಒಂದು ಆಗಿತ್ರಿ. ಹೆಣ್ಣು.
ಎಂಟು ದಿನ ಇತ್ತು.
ಅದನ್ನೂ ಬರ್ಕೋತೀರೇನ್ರಿ?"

ಲೆಕ್ಕಿಗ ಪೆನ್ನಿನ ಮುಚ್ಚಳ ಹಾಕಿದ, ತೆಗೆದ.
"ಯಾವೂರಲ್ಲಮ್ಮ?"
"ಇಂಥದೇ ಆಲೆಮನಿ. ಮದ್ದೂರು ಕಡೆ. ಹೆಸರು ಗೊತ್ತಿಲ್ರಿ."
ವರ್ಷ ದಾಟಿದ್ದಕ್ಕೆ ಮೇಲಿನವರ ಆರ್ಡರ್ ಬೇಕು ಅಂದ,
ಮೆಲ್ಲಗೆ, ತಾನೇ ತಪ್ಪು ಮಾಡಿದವನಂತೆ.
ಬಂದದ್ದನ್ನು ಬರೆಯದೆ
ಹೋದದ್ದನ್ನು ಯಾವ ಪುಟದಲ್ಲಿ ಬರೆಯುವುದು?

ದಾರಿಯುದ್ದಕ್ಕೂ ಅವಳು
ರಸೀದಿಯನ್ನು ಕೂಸಿನ ಕುಲಾವಿಯೊಳಗೆ ಸಿಕ್ಕಿಸಿಕೊಂಡಿದ್ದಳು,
ತಾಯಿತದ ಹಾಗೆ.

ರಾತ್ರಿ ನನ್ನ ಡೈರಿಯ ಕೊನೇ ಹಾಳೆಯಲ್ಲಿ ಬರೆದೆ:
ಹೆಣ್ಣು. ಎಂಟು ದಿನ. ಮದ್ದೂರು ಕಡೆ.
ತಾರೀಕಿನ ಜಾಗಕ್ಕೆ ಬಂದು
ಜೂನ್ ಒಂದು ಅಂತ ಬರೆಯಲು ಕೈ ಬರಲಿಲ್ಲ.

ಅಲ್ಲೆಲ್ಲೋ ಒಂದು ಆಲೆಮನೆಯ ಪುಸ್ತಕದಲ್ಲಿ
ಆ ದಿನದ ಬೆಲ್ಲದ ತೂಕ
ಇದ್ದೇ ಇರುತ್ತದೆ.