ಗೋಡೆಗೆ ಅಂಚು

ಕುಂಞಿರಾಮ ಬರಲಿಲ್ಲ. ಕುಟ್ಟದ ಕಡೆ ಯಾರದೋ
ಹೋಂಸ್ಟೇಗೆ ಕಿಟಕಿ ಕೂರಿಸಲು ಹೋದವನು
'ನಾಳೆ ಅಕ್ಕಾ' ಎಂದು ಹನ್ನೊಂದು ಸಲ ಹೇಳಿ
ಹನ್ನೆರಡನೇ ಸಲ ಫೋನೇ ಎತ್ತಲಿಲ್ಲ.
ಸಿಲ್ವರ್ ಓಕಿನ ಬೀಡಿಂಗ್ ಪಟ್ಟಿ ಹದಿನಾಲ್ಕು,
ಹೊಲಿಗೆ ಮಿಷನ್ನಿನ ಪಕ್ಕ ಒರಗಿ ನಿಂತು
ಬಂದ ಗಿರಾಕಿಗಳ ಸೆರಗು ಹಿಡಿದೆಳೆಯುತ್ತಿದ್ದವು.

ಸರಿ, ನಾನೇ ಹೊಡೆಯುತ್ತೇನೆ ಅಂದೆ.
ಮೂವತ್ತು ವರ್ಷ ಲಂಗದಂಚು ಹೊಲಿದವಳಿಗೆ
ಗೋಡೆಯ ಅಂಚು ಯಾವ ಲೆಕ್ಕ?
ಎದುರುಮನೆ ಮೊಯ್ದು ಆಟೋ ನಿಲ್ಲಿಸಿ
ಎಲ್ಲಿಂದಲೋ ರಸಮಟ್ಟ ತಂದುಕೊಟ್ಟ.

ಸೊಂಟದೆತ್ತರಕ್ಕೆ ಮೊದಲ ಪಟ್ಟಿ ಇಟ್ಟೆ.
ಗುಳ್ಳೆ ನಡುವಿಗೆ ಬಂದು ಕೂತಿತು, ಜಾಣಮರಿ.
ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ
ದೇವರೇ, ಮನೆಗೆ ಮನೆಯೇ
ಸುಂಟಿಕೊಪ್ಪದಿಂದ ಕುಶಾಲನಗರಕ್ಕೆ ಇಳಿಜಾರಲ್ಲಿ ಹೊರಟಿದೆ!
'ರಸಮಟ್ಟ ಸುಳ್ಳು ಹೇಳಲ್ಲ' ಅಂದ ಮೊಯ್ದು.
ಅದು ಹೇಳಲ್ಲ ಮಾರಾಯ. ನೆಲ ಹೇಳುತ್ತದೆ,
ಮಾಡು ಹೇಳುತ್ತದೆ, ಬಾಗಿಲ ಚೌಕಟ್ಟು
ಎರಡಕ್ಕೂ ಸೇರದ ಮೂರನೆಯದೊಂದು ಹೇಳುತ್ತದೆ.
ಇಷ್ಟು ಜನರ ನಡುವೆ ಒಬ್ಬ ನೆಟ್ಟಗೆ ನಿಂತರೆ
ಸೊಟ್ಟ ಕಾಣುವವನು ಅವನೇ.

ಚೀಟಿ ಎತ್ತಿದ ವರ್ಷಕ್ಕೊಂದು ಕೋಣೆ.
ಒಲೆಯ ಕಡೆಗೆ ಸೇಲಂ ಮೇಸ್ತ್ರಿಯ ಹಸಿ ಇಟ್ಟಿಗೆ,
ನಡುಮನೆಗೆ ಇರಿಟ್ಟಿಯವನ ಮುರಕಲ್ಲು,
ಉಳಿದದ್ದು ಸಿಮೆಂಟ್ ಬ್ಲಾಕು: ಇಗರ್ಜಿಯಿಂದ ಬಂದು
ಭಾನುವಾರಗಳಲ್ಲಿ, ಬನಿಯನ್ನಿನಲ್ಲಿ,
ನಮ್ಮ ಬಾವ್ತಿಸನೇ ಕಟ್ಟಿದ್ದು.
ಕಣ್ಣುಮುಚ್ಚಿ ಬೆರಳು ಸವರಿದರೂ ಗೊತ್ತಾಗುತ್ತದೆ
ಎಲ್ಲಿ ದುಡ್ಡು ಮುಗಿಯಿತು, ಎಲ್ಲಿ ಬೆಳಕು ಮುಗಿಯಿತು,
ಎಲ್ಲಿ ಅವನಿಗೆ ನನ್ನ ಮೇಲೆ ಸಿಟ್ಟು ಬಂದಿತ್ತು.

ಹೋದ ವಾರ ಬಂದಿದ್ದಳು ಸರಸು,
ನಾಕೂರು ಕಡೆಯ ತೋಟದ ರೈಟರ ಹೆಂಡತಿ.
ಎಡಭುಜ ಒಂದು ಬೆರಳು ಕೆಳಗೆ.
ಎರಡೂ ಕಡೆ ಒಂದೇ ಅಳತೆಗೆ ಕತ್ತರಿಸಿದರೆ
ರವಿಕೆ ಊರಿಗೆಲ್ಲ ಸಾರಿ ಹೇಳುತ್ತದೆ.
ಭುಜದ ಜೊತೆ ಒಂದಿಷ್ಟು ಇಳಿಸಿ ಹೊಲಿದರೆ
ಯಾರಿಗೂ ಕಾಣುವುದಿಲ್ಲ.
ಕನ್ನಡಿಯಲ್ಲಿ ಅವಳಿಗೂ.

ರಸಮಟ್ಟ ಒರೆಸಿ ಆಟೋದ ಸೀಟಿನ ಮೇಲಿಟ್ಟು ಬಂದೆ.
ಮಗಳ ಹಳೇ ಕಂಪಾಸು ಪೆಟ್ಟಿಗೆಯಿಂದ ಕೈವಾರ ತೆಗೆದು
ಮುಳ್ಳನ್ನು ಗೋಡೆಗೂ ಪೆನ್ಸಿಲನ್ನು ಮರಕ್ಕೂ ಕೊಟ್ಟು
ಮೆಲ್ಲಗೆ ಎಳೆದೆ. ಗೋಡೆ ಬರೆಯಿತು.
ನಾನು ಬರೀ ಕೈ ಹಿಡಿದಿದ್ದೆ, ಒಂದನೇ ಕ್ಲಾಸಿನ
ಮಗುವಿನ ಕೈ ಹಿಡಿದ ಹಾಗೆ.
ಉಬ್ಬು, ತಗ್ಗು, ಸುಮಾರು ದೂರ ಏನೂ ಇಲ್ಲ,
ಸಿಟ್ಟಿನ ಜಾಗ ಬಂದಾಗ ಗೆರೆ ಫಕ್ಕನೆ
ಹೊಟ್ಟೆ ಮುಂದೆ ಮಾಡಿತು.
ಅಷ್ಟನ್ನೂ ಮರದಿಂದ ಕೀಸಿ ತೆಗೆದೆ;
ಸಿಪ್ಪೆ ಸುರುಳಿ ಸುರುಳಿ, ಕಿತ್ತಳೆಯದ್ದರ ಹಾಗೆ.
ಅರ್ಧ ನೆಲದ ಮಾತು, ಅರ್ಧ ಮಾಡಿನ ಮಾತು ಕೇಳಿ
ಎರಡರ ಮಧ್ಯೆ ಪಟ್ಟಿ ಕೂರಿಸಿದೆ.

ಒಂದು ಮೂಲೆ ಮಾತ್ರ ಕೂಡಲೇ ಇಲ್ಲ.
ಗರಗಸದ ಪುಡಿಗೆ ಫೆವಿಕಾಲ್ ಕಲಸಿ ತುಂಬಿದೆ,
ಒಣಗಿ ಮತ್ತೆ ಬಾಯಿ ಬಿಟ್ಟಿತು.
ಅಲ್ಲಿಗೆ ಮಿಷನ್ ಸರಿಸಿದೆ.

ಸಂಜೆ ಬಾವ್ತಿಸ್ ಕ್ಯೂರಿಂಗ್‌ನಿಂದ ಬಂದ,
ಅಂಗಿಯಲ್ಲಿ ಕಾಫಿ ಹೊಟ್ಟಿನ ಧೂಳು.
ಒಂದು ಕಣ್ಣು ಮುಚ್ಚಿ ಪಟ್ಟಿಯುದ್ದಕ್ಕೂ ನೋಡಿ
'ನೋಡಿದ್ಯಾ? ನಾನು ಕಟ್ಟಿದ ಗೋಡೆ ನೇರವೇ ಇದೆ
ಅಂತ ಆವತ್ತೇ ಹೇಳಿದ್ದೆ' ಅಂದ.

ನನ್ನ ಬಾಯಿ ತುಂಬ ಮೊಳೆಗಳಿದ್ದವು.