ಕಾಂಟ್ರಿ

ನಾಗಪಾಡಾದ ಈ ಸಿಮೆಂಟು ಅಂಗಳದ ಬದಿಯಲ್ಲಿ
ಮಡಚುವ ಮೇಜು, ಎರಡು ಬಣ್ಣದ ಪೆನ್ನು, ಒಂದು ಪೆನ್ಸಿಲ್ಲು.
ಇಪ್ಪತ್ತಾರು ವರ್ಷದಿಂದ ಅಂಕ ಬರೆಯುವವನು ನಾನು.
ಹಗಲು ದಾರುಖಾನಾದ ಗೋದಾಮಿನಲ್ಲಿ ಕಬ್ಬಿಣದ ತೂಕ,
ಸಂಜೆ ಇದು.
ಕೂಗುವುದು ಹಿಂದಿಯಲ್ಲಿ, ಬರೆಯುವುದು ಇಂಗ್ಲಿಷಿನಲ್ಲಿ,
ಎಣಿಸುವುದು ಮಾತ್ರ ಇನ್ನೂ
ರಾತ್ರಿಶಾಲೆಯ ಮಾಸ್ತರರು ಕಲಿಸಿದ ಕನ್ನಡದಲ್ಲೇ:
ಒಂದು, ಎರಡು, ಮೂರು. ಮೂರಕ್ಕಿಂತ ದೊಡ್ಡದು
ಈ ಆಟದಲ್ಲಿ ಒಮ್ಮೆಗೇ ಬರುವುದಿಲ್ಲ.

ಆದರೆ ಅವನು ಬಂದದ್ದು ನಲವತ್ತು ಲಕ್ಷಕ್ಕೆ.

ಹರ್ಕೀರತ್. ಲುಧಿಯಾನಾ ಕಡೆಯವನು. ಆರಡಿ ಹತ್ತಿಂಚು.
ಟ್ಯಾಕ್ಸಿಯಿಂದ ಇಳಿದದ್ದು ಮೂರು ಕಂತಿನಲ್ಲಿ:
ಮೊದಲು ಪಾದ, ಆಮೇಲೆ ಮೊಣಕಾಲು, ಕಡೆಗೆ ಮನುಷ್ಯ.
ಗಲ್ಲಿಯ ಹುಡುಗರು ಅವನ ಬೂಟಿನ ಪಕ್ಕ ಮೊಳಕೈ ಇಟ್ಟು ಅಳೆದರು.
ಚಹಾದಂಗಡಿಯಲ್ಲಿ ಹಂಗಾಮು ಶುರುವಾಗುವ ಮೊದಲೇ ಭಾಗಾಕಾರ:
ಬುಟ್ಟಿಯೊಂದಕ್ಕೆ ಎಷ್ಟು ಸಾವಿರ ಬಿತ್ತು,
ಬೆಂಚಲ್ಲಿ ಕೂತು ನೀರು ಕುಡಿದರೆ ಗುಟುಕಿಗೆ ಎಷ್ಟು.

ನಮ್ಮವರೇನು ಕಡಿಮೆಯವರಲ್ಲ.
ಇಲ್ಯಾಸ್ ಪರ್ಕಾರ್ ಕಣ್ಣು ಒಂದು ಕಡೆ ನೆಟ್ಟು
ಚೆಂಡನ್ನು ಇನ್ನೊಂದು ಕಡೆ ಕಳಿಸುತ್ತಾನೆ,
ಹೆತ್ತ ತಾಯಿಯೂ ನಂಬುವುದಿಲ್ಲ ಅವನ ನೋಟವನ್ನು.
ಲ್ಯಾನ್ಸಿ ಡಿಮೆಲೊ, ಮೂಲೆಯಿಂದ, ನಿದ್ದೆಯಲ್ಲೂ ಮೂರು.
ಘರತ್ ಗಾಳಿಯಲ್ಲಿ ನಿಂತು ಮನಸ್ಸು ಬದಲಾಯಿಸಬಲ್ಲ.
ಮಝಹರ್ ಮಾತಾಡುವುದಿಲ್ಲ, ಕದಿಯುತ್ತಾನೆ.
ಒಂದೇ ನಲ್ಲಿಯ ನೀರು ಕುಡಿದು, ಒಂದೇ ಹರಿದ ಬಲೆಗೆ ಎಸೆದು ಬೆಳೆದವರು;
ಬೆನ್ನ ಹಿಂದಿನ ಕೆಮ್ಮು ಕೇಳಿ
ಯಾರು, ಎಲ್ಲಿ ಎಂದು ಹೇಳಬಲ್ಲರು.

ಆನೆ ನಡೆದದ್ದೇ ದಾರಿ ಎನ್ನುತ್ತಾರೆ.
ದಾರಿ ಮೊದಲೇ ಇದ್ದ ಊರಿಗೆ ಆನೆ ಬಂದರೆ?

ಮೊದಲ ಮೂರು ಪಂದ್ಯ ಸೋತೆವು.
ಜಗಳವಿಲ್ಲ. ಮರ್ಯಾದೆಯಿಂದ ಸೋತೆವು.
ಮದುವೆಯಲ್ಲಿ ಬೀಗರಿಗೆ ಬಡಿಸಿದ ಹಾಗೆ
ಎಲ್ಲರೂ ಅವನಿಗೇ ಚೆಂಡು ಕೊಟ್ಟರು,
ಕೊಟ್ಟು, ಸೊಂಟಕ್ಕೆ ಕೈಯಿಟ್ಟು, ನಿಂತು ನೋಡಿದರು.
ಮೂವತ್ನಾಲ್ಕು ಹಾಕಿದ ಒಬ್ಬನೇ. ಹಾಳೆಯಲ್ಲಿ ಅವನ ಸಾಲು
ಇರುವೆ ಮುತ್ತಿದ ಹಾಗೆ ಕಪ್ಪು, ಉಳಿದವರದು ಬಿಳಿ.
ಆ ರಾತ್ರಿ ಇರಾನಿ ಹೋಟೆಲಿನಲ್ಲಿ ಎಲ್ಲರ ಬಿಲ್ಲನ್ನೂ ಅವನೇ ಕೊಟ್ಟ.
ಯಾರೂ ಬೇಡವೆನ್ನಲಿಲ್ಲ.
ಯಾರೂ ಇನ್ನೊಂದು ಪಾವ್ ತರಿಸಲಿಲ್ಲ.

ಹತ್ತರ ಜೊತೆ ಹನ್ನೊಂದಾಗುವುದು ಸುಲಭ;
ಐದರಲ್ಲಿ ಐದನೆಯವನಾಗುವುದಕ್ಕೆ
ಕರಾರಿನಲ್ಲಿ ಕಲಮಿಲ್ಲ.

ಯಾವಾಗ ಬದಲಾಯಿತೋ. ಬರೆಯುವವನಾದರೂ ನನಗೆ ತಾರೀಖು ನೆನಪಿಲ್ಲ.
ಪುಣೆಯವರ ಮೇಲೆ, ಮೂರನೇ ಕ್ವಾರ್ಟರ್ ಇರಬೇಕು:
ಅವನು ಚೆಂಡು ಕೇಳಲಿಲ್ಲ. ನಡೆದು ಬಂದು
ಇಲ್ಯಾಸನನ್ನು ಅಟ್ಟಿಸಿಕೊಂಡು ಬರುತ್ತಿದ್ದವನ ದಾರಿಗೆ
ಮುಚ್ಚಿದ ಬಾಗಿಲ ಹಾಗೆ ನಿಂತ.
ಆ ಹುಡುಗ ಎದೆಗೆ ಬಡಿದ ಸದ್ದು ನನ್ನ ಮೇಜಿನ ತನಕ ಕೇಳಿತು.
ಇಲ್ಯಾಸ್ ಒಬ್ಬನೇ ಒಳಗೆ ಹೋಗಿ, ಅವಸರವಿಲ್ಲದೆ, ಎರಡು ಹಾಕಿದ.

ಎರಡನ್ನೂ ಇಲ್ಯಾಸನ ಸಾಲಿಗೆ ಬರೆದೆ. ನಿಯಮ.
ನಿಂತವನಿಗೆ ಈ ಹಾಳೆಯಲ್ಲಿ ಖಾನೆಯಿಲ್ಲ.
ಪೆನ್ಸಿಲಿನಿಂದ, ಅಂಚಿನಲ್ಲಿ, ಒಂದು ಚುಕ್ಕೆ ಇಟ್ಟೆ.
ಆಟ ಮುಗಿಯುವಾಗ ಚುಕ್ಕೆ ಹನ್ನೊಂದು, ಅವನ ಅಂಕ ಒಂಬತ್ತು.
ರೆಫ್ರಿ ಸಹಿಗೆ ಬರುವ ಮೊದಲು ರಬ್ಬರಿನಿಂದ ಉಜ್ಜಿ,
ಅಂಗಿಯ ಮೇಲೆ ಬಿದ್ದ ಪುಡಿಯನ್ನೂ ಕೊಡವಿದೆ.

ಚಹಾದಂಗಡಿಯವರು ಒಪ್ಪಲಿಲ್ಲ: ನಲವತ್ತು ಲಕ್ಷಕ್ಕೆ ಒಂಬತ್ತೇ?
ಲ್ಯಾನ್ಸಿಗೂ ಒಳಗೊಳಗೆ ಇದೆ, ತನ್ನ ಖೋಲಿಯ ಬಾಡಿಗೆಯ ಲೆಕ್ಕ.
ಅದು ಹೋಗುವಂಥದ್ದಲ್ಲ,
ಅವನು ಬಾಡಿಗೆ ಕಟ್ಟುವ ತನಕ.

ಮತ್ತೆ ಅದೇ ಇರಾನಿ. ಅಮೃತಶಿಲೆಯ ಮೇಜು, ಖೀಮಾ, ಕಡಕ್ ಪಾವ್.
ಬಿಲ್ಲು ಬಂತು. ಅವನ ಕೈ ಕಿಸೆಗೆ ಹೋಗುತ್ತಿದ್ದಂತೆ
ಘರತ್, ತಟ್ಟೆಯಿಂದ ತಲೆಯೆತ್ತದೆ, ಅಂದ: ಕಾಂಟ್ರಿ.
ನನ್ನನ್ನೂ ಸೇರಿಸಿ ಆರು ಜನ. ಭಾಗಿಸಿ ಹೇಳಿದೆ:
ತಲೆಗೆ ನೂರಾ ಮೂವತ್ತೇಳು.
ಅವನು ನೂರೈವತ್ತು ಇಟ್ಟ.

ಎಲ್ಲರೂ ಎದ್ದು ಹೊರಟಾಗ,
ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿದವನು ಹಾಗೆಯೇ ಹಿಂತಿರುಗಿ
ನನ್ನ ಮುಂದೆ ಅಂಗೈ ಚಾಚಿದ:
"ಅಂಕಲ್, ಹದಿಮೂರು ರೂಪಾಯಿ."