ಮೇಲಿನ ಹತ್ತು

ನಲವತ್ತು ಅಂದಿತ್ತು ಮೊದಲ ಬೋರ್ಡು.
ಹಳೇ ಏರ್‌ಪೋರ್ಟ್ ರಸ್ತೆಯ ಆಸ್ಪತ್ರೆಯಲ್ಲಿ
ಮೂವರು ಡಾಕ್ಟರು, ಒಂದು ಅಳತೆ ಟೇಪು.
ಮಂಡಿಯ ಕೆಳಗೆ ಎಷ್ಟು ಉಳಿದಿದೆ ಅಂತ ನೋಡಿ
ಇವರ ಎಡಗಾಲಿಗೆ ನಲವತ್ತು ಬರೆದರು,
ಮೇಷ್ಟ್ರು ಲೆಕ್ಕದ ಪೇಪರಿಗೆ ಹಾಕುವ ಹಾಗೆ.
ಜಸ್ಟ್ ಪಾಸು.

ಬೌರಿಂಗಿನಲ್ಲಿ ಅದೇ ಕಾಲು ಅರವತ್ತು ತೆಗೆಯಿತು.
ಅದು ರಾಜ್ಯದ ಲೆಕ್ಕ, ಇದು ಕೇಂದ್ರದ್ದು,
ಎರಡನ್ನೂ ಕೂಡಿಸಬಾರದಮ್ಮಾ, ಅಂದ ಗುಮಾಸ್ತ;
ಕೂಡಿಸಿದರೆ ನೂರು, ಆಗ
ಹವಾಲ್ದಾರ್ ಮುನಿಸಂಜೀವಯ್ಯನವರು ಇರೋದೇ ಇಲ್ಲ!
ತಮಾಷೆಗೇ ಅಂದದ್ದು. ಇವರೂ ನಕ್ಕರು.
ನಾನು ಚೀಲದ ಜಿಪ್ಪು ಎಳೆದೆ.

ಚೀಲ ಚಿಕ್ಕಪೇಟೆಯ ಸೀರೆ ಅಂಗಡಿಯದು.
ಒಳಗೆ ಡಿಸ್ಚಾರ್ಜ್ ಪುಸ್ತಕ, ಪೆನ್ಷನ್ ಆದೇಶ,
ಔಷಧಿಯ ಕಾರ್ಡು, ಬಸ್ ಪಾಸು,
ಸೈಟಿಗೆ ಹಾಕಿದ ಅರ್ಜಿಯ ಸ್ವೀಕೃತಿ, ಅದರ ಜೆರಾಕ್ಸು,
ಮಳೆಗೆ ನೆನೆದೀತೆಂದು ಜೆರಾಕ್ಸಿನ ಜೆರಾಕ್ಸು.
ಅರ್ಜಿಗೆ ಈಗ ಹದಿನೇಳು ವರ್ಷ,
ಕಾಲೇಜು ಸೇರುವ ವಯಸ್ಸು.

‘ಗಾಯವು ಸೇವೆಯ ಕಾರಣದಿಂದಲೇ ಆದುದೆ?’
ಈ ಸಾಲಿನ ಮುಂದೆ ಖಾಲಿ ಜಾಗ ಒಂದೂವರೆ ಇಂಚು.
ಮೈನು ನಮ್ಮದೇ.
ಹಿಮ ಕರಗಿದಾಗ ಜಾರಿಕೊಂಡು
ನಕ್ಷೆಯಲ್ಲಿಲ್ಲದ ಕಡೆ ಹೋಗಿ ಮಲಗಿತ್ತಂತೆ.
ಅದಕ್ಕೇನು ಗೊತ್ತು, ಪಾಪ, ಯಾರ ಕಾಲು ಅಂತ.

ವಾಪಸು ಬರುವಾಗ ಬಸ್ಸಿನಲ್ಲಿ
ಇಸ್ತ್ರಿ ಪ್ಯಾಂಟು, ಪಾಲಿಶ್ ಬೂಟು ನೋಡಿ
‘ಚೆನ್ನಾಗೇ ಇದೀರಲ್ಲ ಸಾರ್’ ಅಂದಳು ಕಂಡಕ್ಟರು.
ಅವಳ ಲೆಕ್ಕದಲ್ಲಿ ಸೊನ್ನೆ.
ಇವರು ಮಾತಾಡಲಿಲ್ಲ. ಬೆರಳು ಮಡಿಚಿ
ಕಣಕಾಲಿನ ಮೇಲೆ, ಬಾಗಿಲು ಬಡಿದ ಹಾಗೆ,
ಟೊಕ್ ಟೊಕ್.
ಪಕ್ಕದ ಸೀಟಿನ ಹುಡುಗ, ಬಾಯಲ್ಲಿ ಕಡಲೆಮಿಠಾಯಿ,
‘ಅಂಕಲ್, ನಾನೂ ಬಡೀಲಾ?’
ಬಡೀಪ್ಪ, ಅಂದರು.
ನೀಲಸಂದ್ರ ಬರುವ ತನಕ ಬಡೀತಾನೇ ಇದ್ದ.
ಇಳಿಯುವಾಗ ಬೇಜಾರಿನಲ್ಲಿ ಹೇಳಿದ:
‘ಯಾರೂ ತೆಗೀತಿಲ್ಲ ಅಂಕಲ್.’

ಆಮೇಲೆ ಟ್ರಿಬ್ಯೂನಲ್ಲು, ವಾಯಿದೆ, ವಾಯಿದೆ.
ಆರು ದೀಪಾವಳಿ ಕಳೆದು ಒಂದು ಕಾಗದ:
ನಲವತ್ತನ್ನು ಐವತ್ತೆಂದು ಪರಿಗಣಿಸತಕ್ಕದ್ದು.
ಕಾಲೇನೂ ಹೊಸದಾಗಿ ಸವೆದಿರಲಿಲ್ಲ;
ಚಿಲ್ಲರೆ ಇಲ್ಲದ ಅಂಗಡಿಯವ
ಚಾಕಲೇಟು ಸೇರಿಸಿ ಲೆಕ್ಕ ಮುಗಿಸಿದ ಹಾಗೆ
ಮೇಲೆ ಹತ್ತು.
ಬಾಕಿ ಬಂದ ದುಡ್ಡಲ್ಲಿ ಗೀಸರ್ ಹಾಕಿಸಿದೆವು,
ಬಚ್ಚಲ ಗೋಡೆಗೆ ಸ್ಟೀಲಿನ ಹಿಡಿಕೆ.

ಆ ರಾತ್ರಿ
ಕಾಲು ಕಳಚಿ ಬೀರುವಿಗೆ ಒರಗಿಸಿ ಇವರು ಮಲಗಿದ ಮೇಲೆ
ಆ ಹತ್ತು ಎಲ್ಲಿದೆ ಅಂತ ಹುಡುಕಿದೆ.
ಬೂಟಿನೊಳಗೆ ಕೈ ಹಾಕಿ ನೋಡಿದೆ, ನಗಬೇಡಿ.
ಸಿಕ್ಕಿತು, ಬೇರೆ ಕಡೆ:
ಮೋಟುಗಾಲಿಗೆ ಪೌಡರು ಹಾಕುವ ಅಂಗೈಯಲ್ಲಿ,
ಬಿಸಿನೀರ ಬಕೆಟ್ಟು ಎತ್ತಿ ಎತ್ತಿ ಹಿಡಿದುಕೊಂಡ ನಡುವಿನಲ್ಲಿ,
ಇವರ ಬದಲು ಕ್ಯೂ ನಿಂತ, ಎರಡಕ್ಕೆ ಎರಡೂ ಇರುವ ಕಾಲಲ್ಲಿ,
ಬೀದಿಯಲ್ಲಿ ಆಟಂ ಬಾಂಬ್ ಸಿಡಿದಾಗ
ಕಿಟಕಿಗೆ ನಾನು ಒತ್ತಿ ಹಿಡಿಯುವ ದಿಂಬಿನಲ್ಲಿ.
ಮೂವರು ಡಾಕ್ಟರ ಟೇಪು
ನನ್ನ ಸ್ಟೂಲಿನವರೆಗೆ ಬಂದಿರಲಿಲ್ಲ.
ತಿಳಿದೋ ತಿಳಿಯದೆಯೋ
ಸರ್ಕಾರ ನನಗೆ ಕೊಟ್ಟುಬಿಟ್ಟಿತ್ತು.

ಆದೇಶದ ಬೆನ್ನಿಗೆ ಪೆನ್ಸಿಲಲ್ಲಿ ಬರೆದೆ:
ಹತ್ತು, ಜಯಶೀಲ.

ಸರ್ಕಾರಿ ಕಾಗದದ ಮೇಲೆ ಹೀಗೆಲ್ಲ ಗೀಚಬಾರದು.
ನವೆಂಬರಿನಲ್ಲಿ ಇವರು ಬದುಕಿದ್ದಾರೆಂದು
ಹೆಬ್ಬೆಟ್ಟು ಒತ್ತಿಸಲು ಹೋಗಬೇಕು,
ಗುಮಾಸ್ತ ತಿರುಗಿಸಿ ನೋಡುವವನೇ.
ಅಷ್ಟರೊಳಗೆ ಅಳಿಸಬೇಕು.
ಮೂಲೆ ಅಂಗಡಿಯಲ್ಲಿ ಎರಡು ರೂಪಾಯಿಗೆ ರಬ್ಬರು ಸಿಗುತ್ತೆ,
ದಿನಾ ಹಾಲು ತರುವಾಗ ನೋಡುತ್ತೇನೆ.